ಕಾರ್ಯಾರ್ಥಿಯ ಆಸನ

ಸೇಡಮಿನಲ್ಲಿ ವಕೀಲಿ ವೃತ್ತಿಯನ್ನು ನಡೆಯಿಸುತ್ತಿರುವ ನನ್ನ ಪೂರ್ವವಿದ್ಯಾರ್ಥಿಯೊಬ್ಬರು ಕಳೆದ ಮಾಘಮಾಸದಲ್ಲಿ ಸುಲೇಪೇಟಕ್ಕೆ ಬಂದಿದ್ದಾಗ ನನ್ನೊಡನೆ ಒಂದು ವಿಷಯವನ್ನು ಪ್ರಸ್ತಾಪಿಸಿದರು. “ಗುರುಗಳೇ, ಹೊಸದಾಗಿ ಒಂದು ಕಚೇರಿಯನ್ನು ಕಟ್ಟಿಸಿದ್ದೇನೆ. ಗೋಡೆ ಮಾಳಿಗೆಗಳು ಮುಗಿದಿವೆ. ಇನ್ನು ಮೇಜು, ಕುರ್ಚಿ, ಕಪಾಟುಗಳು ಆಗಬೇಕು. ಪೇಟೆಯ ಅಂಗಡಿಯಿಂದ ಸಿದ್ಧವಸ್ತುಗಳನ್ನು ತರುವ ಮನಸ್ಸಿಲ್ಲ. ನಮ್ಮ ಸೀಮೆಯ ಸಾಮಗ್ರಿಯಿಂದಲೇ, ನಮ್ಮ ಬಡಿಗರ ಕೈಯಿಂದಲೇ ಆಗಬೇಕು. ಅಲ್ಲದೆ, ಹಳ್ಳಿಯಿಂದ ಬಂದವರಿಗೆ ಒಳಗೆ ಕಾಲಿಡುವಾಗ ಅಂಜಿಕೆಯಾಗಬಾರದು. ಹಿಂದಿನವರ ಕಚೇರಿಗಳು ಹೇಗಿದ್ದುವೆಂಬುದನ್ನು ತಾವು ತಿಳಿಸಬೇಕು” ಎಂದರು. ನಾನು ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದವನೇ ಹೊರತು ಮರಗೆಲಸವನ್ನು ಬಲ್ಲವನಲ್ಲ. ಹಾಗೆಂದು ಹೇಳಿ ಅವರನ್ನು ಕಳುಹಿಸಿದೆನಾದರೂ ಪ್ರಶ್ನೆಯು ನನ್ನನ್ನು ಬಿಟ್ಟು ಹೋಗಲಿಲ್ಲ. ಮನೆಯಲ್ಲಿದ್ದ ಹಳೆಯ ಗ್ರಂಥಗಳನ್ನು ತೆಗೆದು ನೋಡುತ್ತ ಹೋದಂತೆ ಅಧಿಕಾರಿಯ ಆಸನವನ್ನು ಕುರಿತ ಮಾತು ಹೇರಳವಾಗಿ ದೊರೆಯಿತು. ಅವನ ಬಳಿಗೆ ಕೆಲಸಕ್ಕಾಗಿ ಬಂದವನು ಎಲ್ಲಿ ಕುಳಿತನೆಂಬುದನ್ನು ಮಾತ್ರ ದೀಪ ಹಿಡಿದು ಹುಡುಕಬೇಕಾಯಿತು. ಆ ಹುಡುಕಾಟದ ಫಲವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

ಮೊದಲಿಗೆ ಹೆಸರುಗಳನ್ನು ನೋಡೋಣ. ಮಣೆಯೆಂಬುದು ಅಚ್ಚಗನ್ನಡದ ಮಾತು. ಪೀಠ, ಆಸನ, ಮಂಚಗಳು ಸಂಸ್ಕೃತದಿಂದ ಬಂದುವು. ಕುರ್ಚಿಯು ಅರಬ್ಬೀ ಭಾಷೆಯ ಕುರ್ಸಿ, ಮೇಜು, ದಫ್ತರಗಳು ಪಾರಸಿಯವು, ಅಲಮಾರು ಪೋರ್ತುಗೀಜರದು, ಬೆಂಚು ಇಂಗ್ಲಿಷರದು. ಕಚೇರಿಯೆಂಬ ಮಾತೇ ಹಿಂದೂಸ್ಥಾನಿಯ ಕಚಹರಿಯಿಂದ ಬಂದದ್ದು. ನೆಲಕ್ಕೆ ಹತ್ತಿರವಾದ ಆಸನಗಳಿಗೆ ನಮ್ಮ ಹೆಸರುಗಳೂ ನೆಲದಿಂದ ಮೇಲೆದ್ದವುಗಳಿಗೆ ಪರರ ಹೆಸರುಗಳೂ ನಿಂತಿರುವುದು ಗಮನಿಸತಕ್ಕ ಸಂಗತಿ. ಆದರೆ ಕಾಲುಳ್ಳ ಆಸನವು ನಮ್ಮವರಿಗೆ ತಿಳಿದೇ ಇರಲಿಲ್ಲವೆಂದು ಇದರಿಂದ ಊಹಿಸಬಾರದು. ಐತರೇಯ ಬ್ರಾಹ್ಮಣದಲ್ಲಿ ರಾಜಾಭಿಷೇಕಕ್ಕೆಂದು ಹೇಳಿರುವ ಆಸಂದಿಯ ವರ್ಣನೆಯನ್ನು ನೋಡಿರಿ: ಅತ್ತಿಯ ಮರದ ಚೌಕಟ್ಟು, ಗೇಣುದ್ದದ ಕಾಲುಗಳು, ನಡುವೆ ಮುಂಜದ ಹುಲ್ಲಿನ ಹೆಣಿಗೆ. ಬೆತ್ತದ ಕುರ್ಚಿಯ ಕ್ರಮವೇ ಇದಲ್ಲವೆ! ಮರವು ಭಾರವನ್ನು ಹೊರುವುದು, ಹೆಣಿಗೆಯು ಮೈಯನ್ನು ಹೊರುವುದು. ಹೆಣಿಗೆ ಸವೆದರೆ ಹೆಣಿಗೆಯನ್ನಷ್ಟೇ ಬದಲಿಸಿದರೆ ಸಾಕು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಕಚೇರಿಯ ಒಳರಚನೆಯನ್ನೇ ಕುರಿತು ವಿಧಿಯನ್ನು ಹೇಳಿದವನು ಕೌಟಿಲ್ಯ. ಅವನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ 1909ರಲ್ಲಿ ಅಚ್ಚುಹಾಕಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ನಮ್ಮ ನಾಡಿನವರೇ. ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರದ ಕಚೇರಿಯ ವಿಷಯವಿದೆ. ಅದು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಮುಖವಾಗಿರತಕ್ಕದ್ದು. ಒಬ್ಬೊಬ್ಬರಿಗೂ ಬೇರೆಬೇರೆ ಕೂಡುವ ಸ್ಥಳವಿರತಕ್ಕದ್ದು. ನಿಬಂಧ ಪುಸ್ತಕಗಳನ್ನಿಡಲು ನಿಯತವಾದ ಎಡೆಯಿರತಕ್ಕದ್ದು. ಇಷ್ಟೇ ವಿಧಿ. ಆದರೆ ಬಿಸಿಲು, ಗಾಳಿ, ಕೂಡುವ ಜಾಗ, ಕಾಗದವನ್ನಿಡುವ ಜಾಗ ಈ ನಾಲ್ಕನ್ನೂ ಅದು ಒಳಗೊಂಡಿದೆ. ಪಶ್ಚಿಮದ ಬಿಸಿಲು ಮುಖಕ್ಕೆ ಹೊಡೆಯುವ ಕೋಣೆಯಲ್ಲಿ ಕುಳಿತು ವೈಶಾಖಮಾಸದ ಮಧ್ಯಾಹ್ನ ಲೆಕ್ಕ ಬರೆದವರಿಗೆ ಈ ವಿಧಿಯ ಮರ್ಮವು ಬೇಗ ತಿಳಿಯುವುದು. ಕಲಬುರ್ಗಿಯ ಸೀಮೆಯಲ್ಲಿ ಬೇಸಗೆಯ ಉಷ್ಣವು 40 ಅಂಶವನ್ನು ಮೀರುವುದು ಪ್ರತಿವರ್ಷದ ಮಾತಷ್ಟೆ.

ಇದಕ್ಕಿಂತಲೂ ನನ್ನ ಮನಸ್ಸಿಗೆ ನಾಟಿದ್ದು ಮೊದಲನೆಯ ಅಧಿಕರಣದ ಇನ್ನೊಂದು ಮಾತು. ಅರಸನು ಆಸ್ಥಾನದಲ್ಲಿರುವಾಗ ಕಾರ್ಯಾರ್ಥಿಗಳನ್ನು ಬಾಗಿಲಲ್ಲಿ ಕಾಯಿಸಬಾರದೆಂದು ಕೌಟಿಲ್ಯನು ಹೇಳುತ್ತಾನೆ. ಕಾರಣವನ್ನೂ ಕೊಟ್ಟಿದ್ದಾನೆ. ದರ್ಶನವು ದುರ್ಲಭವಾದ ಅರಸನಿಂದ ಅವನ ಬಳಿಯಲ್ಲಿರುವವರು ಮಾಡಬೇಕಾದುದನ್ನು ಬಿಡಿಸಿ ಮಾಡಬಾರದುದನ್ನು ಮಾಡಿಸುವರು. ಅದರಿಂದ ಪ್ರಜೆಗಳು ಕೋಪಗೊಳ್ಳುವರು, ಇಲ್ಲವೆ ಅವನು ಶತ್ರುವಿನ ವಶನಾಗುವನು. ಕಾರ್ಯಾರ್ಥಿಯೆಂಬುದು ಎಷ್ಟು ಒಳ್ಳೆಯ ಪದ! ಈಚಿನವರು ಅರ್ಜಿದಾರನೆನ್ನುತ್ತಾರೆ, ಗಿರಾಕಿಯೆನ್ನುತ್ತಾರೆ, ಕಕ್ಷಿದಾರನೆನ್ನುತ್ತಾರೆ. ಕೆಲವು ಕಡೆ ಪಬ್ಲಿಕ್ ಎಂದು ಮಾತ್ರ ಹೇಳಿ ಕೈಬೀಸುತ್ತಾರೆ. ನಾನು ಈ ಲೇಖನದಲ್ಲಿ ಹಳೆಯ ಮಾತನ್ನೇ ಇಟ್ಟುಕೊಳ್ಳುತ್ತೇನೆ.

ಸ್ಮೃತಿಕಾರರಲ್ಲಿ ಬೃಹಸ್ಪತಿಯು ನ್ಯಾಯಸಭೆಯಲ್ಲಿ ಯಾರು ಯಾವ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕೆಂಬುದನ್ನು ನಿಯಮಿಸಿದ್ದಾನೆ: ಅರಸನು ಪೂರ್ವಕ್ಕೆ, ಸಭ್ಯರು ಉತ್ತರಕ್ಕೆ, ಗಣಕನು ಪಶ್ಚಿಮಕ್ಕೆ, ಲೇಖಕನು ದಕ್ಷಿಣಕ್ಕೆ. ನಾಲ್ಕು ದಿಕ್ಕುಗಳೂ ಅಲ್ಲಿಗೆ ತುಂಬಿದುವು. ವಾದಿಪ್ರತಿವಾದಿಗಳು ಎಲ್ಲಿ ಕುಳಿತರು? ಆ ಶ್ಲೋಕವು ಅವರನ್ನು ಎಣಿಸಿಲ್ಲ. ಆದರೆ ಮನುವಿನ ಎಂಟನೆಯ ಅಧ್ಯಾಯದ ಪ್ರಾರಂಭದಲ್ಲಿ, ಅರಸನು ಕುಳಿತಾದರೂ ನಿಂತಾದರೂ ಕಾರ್ಯವನ್ನು ವಿಚಾರಿಸಬಹುದೆಂಬ ಮಾತಿದೆ. ವಿಚಾರಿಸುವವನೇ ನಿಲ್ಲಬಹುದೆಂಬುದನ್ನು ಓದಿದಾಗ ನನಗೆ ಸ್ವಲ್ಪ ಆಶ್ಚರ್ಯವೂ ಹೆಚ್ಚು ಸಂತೋಷವೂ ಆಯಿತು. ವ್ಯವಹಾರಶಾಸ್ತ್ರದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಹೆಸರು ಶಹಾಬಾದಿನ ಸಮೀಪದ ಮರ್ತೂರಿನೊಡನೆ ಹೊಂದಿಕೊಂಡಿರುವುದರಿಂದ, ಸೇಡಮಿನ ವಕೀಲರಿಗೆ ಈ ವಿಷಯವು ಪರಕೀಯವಲ್ಲವೆಂದು ಇಲ್ಲಿ ಸೂಚಿಸಿದ್ದೇನೆ.

ಗ್ರಂಥದಿಂದ ನೆಲಕ್ಕೆ ಇಳಿಯೋಣ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತೆಂಬುದು ಎಲ್ಲರಿಗೂ ತಿಳಿದದ್ದು. ಕ್ರಿ. ಶ. 1058ರ ಶಾಸನದಂತೆ ಅಲ್ಲಿ ವೇದವನ್ನು ಓದುವವರು 200 ಮಂದಿ, ಶಾಸ್ತ್ರವನ್ನು ಓದುವವರು 50 ಮಂದಿ. ಇವರಿಗೆ ಉಪಾಧ್ಯಾಯರಲ್ಲದೆ ಸರಸ್ವತೀ ಭಂಡಾರವನ್ನು ಕಾಯುವವರು 6 ಮಂದಿ. ಇಷ್ಟೊಂದು ಜನರು ಕುಳಿತದ್ದು ಯಾವುದರ ಮೇಲೆ? ಕಲ್ಲಿನ ಮೇಲೆ. ಕಲ್ಯಾಣದ ಚಾಲುಕ್ಯರ ಕಾಲದ ಮಂಟಪಗಳನ್ನು ನೋಡಿದವರು ಅಂಚಿನ ಸುತ್ತಲೂ ಹಬ್ಬಿಕೊಂಡಿರುವ ಕಕ್ಷಾಸನವನ್ನು ಕಂಡಿರಬಹುದು. ಅದೊಂದು ಉದ್ದವಾದ ಕಲ್ಲಿನ ಜಗಲಿ. ಹಿಂದೆ ಹೊರಗಡೆಗೆ ಓರೆಯಾಗಿ ವಾಲಿದ ಒರಗುಗಲ್ಲು. ನೆಟ್ಟಗೆ ನಿಂತ ಗೋಡೆಗೆ ಒರಗಿದರೆ ಬೆನ್ನು ಬೇಗ ನೋಯುವುದು. ಓರೆಯಾದ ಕಲ್ಲಿಗೆ ಒರಗಿದರೆ ಕಲ್ಲಾದರೂ ನೋಯದು. ಒಂಬೈನೂರು ವರ್ಷಗಳ ಹಿಂದಿನ ಕಲ್ಲುಕುಟಿಗನು ಮನುಷ್ಯನ ಬೆನ್ನನ್ನು ಅಷ್ಟು ಚೆನ್ನಾಗಿ ಅರಿತಿದ್ದನು. ಮತ್ತೊಂದು ವಿಶೇಷವಿದೆ. ಈ ಆಸನವು ದೇವರಿಗೂ ಅಲ್ಲ, ಅರಸನಿಗೂ ಅಲ್ಲ, ಬಂದು ಕುಳಿತವರದು. ಕಟ್ಟಡದೊಡನೆಯೇ ಅದನ್ನು ಕಟ್ಟಿಬಿಟ್ಟಿದ್ದರಿಂದ ಯಾರೂ ಅದನ್ನು ಎತ್ತಿ ಒಳಗಿಡುವಂತಿರಲಿಲ್ಲ.

ಇದೇ ವಂಶದ ಅರಸನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆಸನಕ್ಕೆ ಒಂದು, ಆಸ್ಥಾನಕ್ಕೆ ಒಂದು, ಶಯ್ಯೆಗೆ ಒಂದು ಹೀಗೆ ಬೇರೆಬೇರೆ ಪ್ರಕರಣಗಳಿವೆ. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಬರೆದ ಗ್ರಂಥವದು. ಆದರೆ ಅದು ಅರಸನ ಉಪಭೋಗದ ಪುಸ್ತಕ. ನಮ್ಮ ಕಾರ್ಯಾರ್ಥಿಗೆ ಅದರಲ್ಲಿ ಹೆಚ್ಚಿನ ಪ್ರವೇಶವಿಲ್ಲವಾದ ಕಾರಣ ಮುಂದಕ್ಕೆ ಹೋಗುತ್ತೇನೆ.

ಆ ಕಾಲದಿಂದ ಮೊನ್ನೆಮೊನ್ನೆಯವರೆಗೂ ಕರಣಿಕನ ಸಾಮಗ್ರಿಯು ಬಹಳ ಅಲ್ಪವಾಗಿತ್ತು. ಜಮಖಾನೆ, ಲೋಡು, ಮುಂದೆ ಇಳಿಜಾರಾದ ಮುಚ್ಚಳದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಒಳಗೆ ಕಾಗದ, ಲೆಕ್ಕಣಿಕೆ, ಮಸಿಕುಡಿಕೆ. ಮುಚ್ಚಳದ ಮೇಲೆ ಬರಹ. ಮೇಜೂ ಕಪಾಟೂ ತಿಜೋರಿಯೂ ಅದೊಂದೇ. ಇದಕ್ಕೂ ಹಿಂದೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ತೀರಿದ ಮೇಲೆ ಅಳಿಸಿ ಮತ್ತೆ ಬಳಿದರೆ ಹೊಸ ಪುಸ್ತಕ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತವಾದವು. ಇಂದು ಸರ್ಕಾರಿ ಕನ್ನಡದಲ್ಲಿ ಪ್ರತಿಯೊಂದು ಫೈಲಿಗೂ ಕಡತವೆಂದೇ ಹೆಸರು. ಆದರೆ ಅಳಿಸಿ ಬರೆಯುವ ಗುಣವು ಅದರಲ್ಲಿ ಉಳಿದಿಲ್ಲ. ಉಳಿದಿದ್ದರೆ ಎಷ್ಟೋ ಅನರ್ಥಗಳಾಗುತ್ತಿದ್ದುವೆಂಬುದೂ ನಿಜ!

ವ್ಯಾಸಪೀಠದ ವಿಷಯವನ್ನು ಇಲ್ಲಿ ಹೇಳದಿರಲಾರೆ. ಪಾಠಶಾಲೆಯಲ್ಲಿ ನಾವು ಪುಸ್ತಕವನ್ನಿಡುತ್ತಿದ್ದ ಆ ಮಡಿಚುಪೀಠವು ಒಂದೇ ಹಲಗೆಯಿಂದ ಆದದ್ದು. ಹಲಗೆಯ ಒಂದರ್ಧವನ್ನು ಒಂದು ಕಡೆಯಿಂದಲೂ ಇನ್ನೊಂದರ್ಧವನ್ನು ಮತ್ತೊಂದು ಕಡೆಯಿಂದಲೂ ಸೀಳಿಕೊಂಡು ಬಂದು, ನಡುವೆ ಬೆರಳುಗಳಂತೆ ಹೆಣೆದುಕೊಂಡ ಕೀಲನ್ನು ಮರದಲ್ಲಿಯೇ ಕೊರೆದಿರುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ, ಕಬ್ಬಿಣದ ಕೀಲಿಲ್ಲ. ಮುಸಲ್ಮಾನ ಬಾಂಧವರು ಕುರಾನನ್ನಿಡುವ ರೆಹಲು ಕೂಡ ಇದೇ. ಸೂತ್ರಗ್ರಂಥವೂ ಕುರಾನೂ ಒಂದೇ ಬಡಿಗನ ಒಂದೇ ವಿದ್ಯೆಯ ಮೇಲೆ ನಿಂತಿರುವುದನ್ನು ಕಲಬುರ್ಗಿಯ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಇನ್ನು ಮರದ ವಿಚಾರ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಲಕ್ಷಣವೆಂಬ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಾಗಿಟ್ಟಿದ್ದಾನೆ. ಮಂಚಕ್ಕೂ ಆಸನಕ್ಕೂ ಯೋಗ್ಯವಾದ ಮರಗಳೆಂದು ಅಸನ, ಚಂದನ, ದೇವದಾರು, ಸಾಲ, ಕಾಶ್ಮರಿ, ತಿಂದುಕ, ಶಿಂಶಪಾ, ಶಾಕ ಮೊದಲಾದವನ್ನು ಹೆಸರಿಸುತ್ತಾನೆ. ಶಾಕವೆಂದರೆ ನಮ್ಮ ಸಾಗವಾನಿ, ಕಾಶ್ಮರಿಯು ಶಿವನಿ, ತಿಂದುಕವು ಚಿಂಚೋಳಿಯ ಅಡವಿಯಲ್ಲಿ ಬೀಡಿಯ ಎಲೆಗಾಗಿ ಕೊಯ್ಯುವ ತುಮರಿಯ ಜಾತಿಯದು. ಯೋಗ್ಯವಾದವುಗಳ ಪಟ್ಟಿಗಿಂತಲೂ ವರ್ಜ್ಯವಾದವುಗಳ ಪಟ್ಟಿಯು ಹೆಚ್ಚು ಸ್ವಾರಸ್ಯವಾಗಿದೆ. ಸಿಡಿಲು, ನೀರು, ಗಾಳಿ, ಆನೆಗಳಿಂದ ಬಿದ್ದ ಮರವು ಬೇಡ. ಜೇನು ಕಟ್ಟಿದ ಮರವು ಬೇಡ. ಹಕ್ಕಿಗಳು ಗೂಡುಮಾಡಿದ ಮರವು ಬೇಡ. ದೇವಾಲಯದ್ದು, ಶ್ಮಶಾನದ್ದು, ದಾರಿಯ ಬದಿಯದ್ದು ಬೇಡ. ತುದಿಯಲ್ಲಿ ಒಣಗಿದ್ದು ಬೇಡ. ಬಳ್ಳಿ ಸುತ್ತಿಕೊಂಡದ್ದು ಬೇಡ. ಇಂಥ ಮರದಿಂದ ಮಾಡಿದರೆ ಕುಲನಾಶ, ವ್ಯಾಧಿ, ಧನಹಾನಿಗಳೆಂದು ಅವನು ಫಲವನ್ನು ಹೇಳುತ್ತಾನೆ. ಪಾಠಶಾಲೆಯಲ್ಲಿ ಓದುವಾಗ ನಮಗೆ ಈ ಫಲಶ್ರುತಿಯೇ ಮುಖ್ಯವೆಂದು ತೋರುತ್ತಿತ್ತು. ಈಗಿನ ತರುಣರಿಗೆ ಇದೆಲ್ಲವೂ ಮೌಢ್ಯವೆಂದು ತೋರಬಹುದು. ನಮ್ಮ ಊರಿನ ವೃದ್ಧ ಬಡಿಗರೊಬ್ಬರಿಗೆ ಈ ಪಟ್ಟಿಯನ್ನು ಓದಿ ಹೇಳಿದೆ. ಅವರು ಒಂದೊಂದಕ್ಕೂ ತಲೆದೂಗಿದರು. ಸಿಡಿಲು ಬಡಿದ ಮರದೊಳಗೆ ಕಾಣದ ಬಿರುಕಿರುತ್ತದೆ, ಗರಗಸ ಹಾಕಿದ ಮೇಲೆ ತಿಳಿಯುತ್ತದೆ. ಬಳ್ಳಿ ಬಿಗಿದ ಮರದ ಎಳೆಗಳು ತಿರುಚಿಕೊಂಡಿರುತ್ತವೆ, ಹಲಗೆ ಎಂದೂ ಸಮನಾಗದು. ತುದಿ ಒಣಗಿದ್ದರೆ ತಿರುಳು ಲಡ್ಡಾಗಿರುತ್ತದೆ. ದಾರಿಯ ಮರವನ್ನು ಕಡಿದರೆ ಬಯ್ಯುವವರು ಬಹಳ ಎಂದರು. ನೆರಳು ದಾರಿಹೋಕರದು, ಗೂಡು ಹಕ್ಕಿಯದು, ತುಪ್ಪ ಜೇನಿನದು. ಅವುಗಳ ಪಾಲನ್ನು ಕಿತ್ತುಕೊಂಡು ಆಸನವನ್ನು ಮಾಡಿಕೊಳ್ಳಬಾರದೆಂಬುದನ್ನು ಆಚಾರ್ಯನು ಭಯದ ಭಾಷೆಯಲ್ಲಿ ಹೇಳಿದನು. ಭಯವಿಲ್ಲದೆ ಹೇಳಿದ್ದನ್ನು ಜನರು ಎಷ್ಟು ಕೇಳುವರೆಂಬುದಕ್ಕೆ ನಮ್ಮ ಸೀಮೆಯ ಬೋಳು ಗುಡ್ಡಗಳನ್ನು ನೋಡಿದರೆ ಸಾಕು. ಚಿಂಚೋಳಿಯ ಅಡವಿಯಲ್ಲಿ ಉಳಿದಿರುವಷ್ಟನ್ನು ವನ್ಯಜೀವಿಧಾಮವೆಂದು 2011ರಲ್ಲಿ ಘೋಷಿಸಿ ಕಾಯಬೇಕಾಯಿತು.

ವರಾಹಮಿಹಿರನು ಮರದ ಗಂಟುತೂತುಗಳಿಗೂ ಹೆಸರಿಟ್ಟಿದ್ದಾನೆ; ಒಂದು ಬಗೆಗೆ ಸೂಕರನಯನ, ಎಂದರೆ ಹಂದಿಯ ಕಣ್ಣು. ಬಡಿಗರು ಅದನ್ನು ಕೇಳಿ ನಕ್ಕು, ತಮ್ಮಲ್ಲಿಯೂ ಅಂಥ ಹೆಸರುಗಳಿವೆಯೆಂದರು. ಆದರೆ ಅವನ್ನು ನನಗೆ ಹೇಳಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗತಕ್ಕ ಹೆಸರುಗಳಲ್ಲವೆಂದು ಊಹಿಸಿಕೊಂಡೆ.

ಮರಳಿ ಕಚೇರಿಗೆ ಬರೋಣ. ನಮ್ಮ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದಾಗ, 1853ರಿಂದ 1883ರವರೆಗೆ ದಿವಾನರಾಗಿದ್ದ ಸಾಲಾರ್ ಜಂಗರು 1865ರಲ್ಲಿ ಜಿಲ್ಲೆಗಳ ವ್ಯವಸ್ಥೆಯನ್ನು ಮಾಡಿದರು. ತಾಲೂಕದಾರರು, ತಹಸೀಲ್ದಾರರು ಬಂದರು. ಅವರ ಹಿಂದೆ ದಫ್ತರಗಳು ಬಂದುವು. ಮುಂಬಯಿಯ ಕಡೆಯ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮ ಸರ್ಕಾರದ ಮಾರ್ಗವು ತೆರೆಯಿತು. ನಮ್ಮ ಭಾಗದ ಎಷ್ಟೋ ಜನರು ಕೈಯಿರುವ, ಬೆನ್ನಿರುವ ಕುರ್ಚಿಯನ್ನು ಮೊದಲು ಕಂಡದ್ದು ಸ್ಟೇಷನ್ ಮಾಸ್ತರರ ಕೋಣೆಯ ಕಿಟಕಿಯಿಂದಲೇ ಇರಬೇಕು. ಮೇಲಿನ ತರಗತಿಯವರಿಗೆ ಬೆತ್ತದ ಆರಾಮ ಕುರ್ಚಿ, ಮೂರನೆಯ ತರಗತಿಯವರಿಗೆ ಪ್ಲಾಟ್‌ಫಾರಮಿನ ಫರಸಿ.

ಜಮಖಾನೆಯ ಮೇಲೆ ಕುಳಿತ ಕರಣಿಕನ ಮುಂದೆ ಬಂದವನೂ ಜಮಖಾನೆಯ ಅಂಚಿನಲ್ಲಾದರೂ ಕುಳಿತುಕೊಳ್ಳಬಹುದಾಗಿತ್ತು. ಎಲ್ಲರೂ ಕುಳಿತರೆಂದು ನಾನು ಹೇಳಲಾರೆ. ಯಾವ ಜಾತಿಯವನು ಕಟ್ಟೆಯ ಮೇಲೆ, ಯಾವನು ಕಟ್ಟೆಯ ಕೆಳಗೆ, ಯಾವನು ಬೀದಿಯ ಆಚೆ ಎಂಬ ಕ್ರೂರವಾದ ನಿಯಮವು ನಮ್ಮ ಚಾವಡಿಗಳಲ್ಲಿಯೂ ಇತ್ತು. ಅದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವುದು ಅಸತ್ಯವಾದೀತು. ಆದರೆ ಕುರ್ಚಿಯು ಬಂದ ಮೇಲೆ ಹೊಸದೊಂದು ಅಂತರವು ಹುಟ್ಟಿತು. ಕುಳಿತವನ ಎತ್ತರಕ್ಕೆ ತಕ್ಕ ಮೇಜು, ಮೇಜಿನ ಆಚೆಗೆ ನಿಂತವನು. ಉತ್ತರ ಹಿಂದೂಸ್ಥಾನದ ಬ್ರಿಟಿಷ್ ಜಿಲ್ಲೆಗಳಲ್ಲಿ ಇದು ಪರಾಕಾಷ್ಠೆಗೆ ಮುಟ್ಟಿತು. ಅಲ್ಲಿ ಸಾಹೇಬರ ಸಮ್ಮುಖದಲ್ಲಿ ಕುಳಿತುಕೊಳ್ಳುವ ಅಧಿಕಾರವನ್ನು ಕೆಲವು ಗೃಹಸ್ಥರಿಗೆ ಬರಹದ ಮೂಲಕ ಕೊಡುತ್ತಿದ್ದರು. ಅಂಥವರಿಗೆ ಕುರ್ಸೀನಶೀನರೆಂದು ಹೆಸರು. ಕುರ್ಚಿಯ ಮೇಲೆ ಕುಳಿತುಕೊಳ್ಳಲು ಪ್ರಮಾಣಪತ್ರ! ಆ ಕಾಗದಕ್ಕೆ ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳಿದ್ದುವು. ನಗುವವರು ನಗಲಿ. ಆದರೆ ಪ್ರಮಾಣಪತ್ರವಿಲ್ಲದ ಕೋಟ್ಯಂತರ ಜನರು ನಿಂತೇ ಇದ್ದರೆಂಬುದನ್ನು ಆ ಕಾಗದವು ಸಾರುತ್ತದೆ. ಬ್ರಿಟಿಷರು ಹೋದರು, 1948ರಲ್ಲಿ ನಿಜಾಮರ ಆಳಿಕೆಯೂ ಮುಗಿಯಿತು. ಮೇಜಿನ ಆಚೆಗೆ ನಿಲ್ಲುವುದು ಮುಗಿಯಲಿಲ್ಲ.

ನಾನು ನಿವೃತ್ತನಾದ ವರ್ಷ ಒಂದು ಕಾಗದಕ್ಕಾಗಿ ಒಂದು ಕಚೇರಿಗೆ ನಾಲ್ಕು ದಿನ ಅಲೆದೆನು. ಯಾವ ಕಚೇರಿಯೆಂಬುದು ಬೇಡ. ಒಳಗೆ ಒಂಬತ್ತು ಮೇಜುಗಳಿದ್ದುವು. ಬಂದವರಿಗೆಂದು ಹೊರಗೆ ಒಂದು ಬೆಂಚೂ ಇತ್ತು. ಅದರ ತುಂಬ ಹಳೆಯ ಕಡತಗಳ ಗಂಟುಗಳನ್ನು ಏರಿಸಿದ್ದರು. ನನ್ನ ಬಳಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಕಂಕುಳ ಕೂಸಿನೊಡನೆ ಕೊನೆಗೆ ಬಾಗಿಲ ಬಳಿಯ ನೆಲದ ಮೇಲೆ ಕುಳಿತಳು. ದಾರಿಗೆ ಅಡ್ಡವಾಯಿತೆಂದು ಜವಾನನು ಅವಳನ್ನು ಎಬ್ಬಿಸಿದನು. ನನಗೆ ಸಿಟ್ಟು ಬಂದಿತು. ಮನೆಗೆ ಬಂದು ಒಂದು ಉಗ್ರವಾದ ಪತ್ರವನ್ನು ಬರೆಯಲು ಕುಳಿತೆನು. ಬರೆಯುತ್ತ ಬರೆಯುತ್ತ ನನ್ನ ಶಾಲೆಯ ಕೋಣೆಯು ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷಗಳ ಕಾಲ ಆ ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ, ಅದು ನನ್ನದು. ಮಕ್ಕಳ ತಂದೆತಾಯಿಗಳು ಹೊಲದ ಕೆಲಸ ಬಿಟ್ಟು ಬಂದರೆ ನಿಲ್ಲಿಸಿಯೇ ಮಾತನಾಡಿಸಿದ್ದೇನೆ. ಕುಳಿತುಕೊಳ್ಳಿರೆಂದು ಹೇಳಲು ಮನಸ್ಸಾಗಿದ್ದರೂ ಕುಳಿತುಕೊಳ್ಳಲು ಏನೂ ಇರಲಿಲ್ಲ. ಒಂದು ಮಣೆಯನ್ನು ಮಾಡಿಸಬೇಕೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ನನಗೆ ತೋಚಲಿಲ್ಲ. ಈ ವಕೀಲರ ತಾಯಿಯವರನ್ನೂ ಹಾಗೆಯೇ ನಿಲ್ಲಿಸಿದ್ದೆನು. ಅವರಿಗೆ ಅದು ನೆನಪಿದೆಯೋ ಇಲ್ಲವೋ, ನನಗಿದೆ. ಪತ್ರವನ್ನು ಹರಿದುಹಾಕಿದೆನು.

ಸ್ವಾತಂತ್ರ್ಯಾನಂತರ ಕಚೇರಿಯ ಪೀಠೋಪಕರಣಗಳನ್ನು ಬೇರು ಸಹಿತವಾಗಿ ಹೊಸದಾಗಿ ಯೋಚಿಸಿದ ಪ್ರಯತ್ನವು ಯಾವುದೆಂದು ಕೇಳಿದರೆ ನಮ್ಮ ನಾಡನ್ನು ಬಿಟ್ಟು ದೂರದ ಚಂಡೀಗಢಕ್ಕೆ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ 1956ರಲ್ಲಿ ಮುಗಿದ ವಿಧಾನಸೌಧದ ಸಂಪುಟ ಸಭಾಗೃಹಕ್ಕೆ ಶ್ರೀಗಂಧದ ಬಾಗಿಲು ಪ್ರಸಿದ್ಧವಾಗಿದೆ. ಅದು ನಾಡಿನ ಕುಶಲಿಗಳ ಕೀರ್ತಿಗೆ ತಕ್ಕದ್ದೇ. ಆದರೆ ಗಂಧದ ಬಾಗಿಲು ವೈಭವದ ವಸ್ತು. ಚಂಡೀಗಢದಲ್ಲಿ ಅದೇ ವರ್ಷಗಳಲ್ಲಿ ಆದದ್ದು ದಿನಬಳಕೆಯ ವಸ್ತು. ಪಂಜಾಬಿನ ಆ ಹೊಸ ರಾಜಧಾನಿಗೆ ಕಟ್ಟಡಗಳನ್ನು ರಚಿಸಿದ ಲ ಕಾರ್ಬುಸಿಯೆ ಎಂಬ ಶಿಲ್ಪಿಯ ದಾಯಾದಿಯಾದ ಪಿಯೆರ್ ಜಾನರೆ ಎಂಬವರು 1951ರಿಂದ 1965ರವರೆಗೆ ಅಲ್ಲಿಯೇ ನೆಲಸಿದ್ದರು. ಸಾವಿರಗಟ್ಟಲೆ ನೌಕರರಿಗೆ ಕುರ್ಚಿಗಳಾಗಬೇಕು, ಹಣವು ಹೆಚ್ಚಿಲ್ಲ, ಹೊರದೇಶದಿಂದ ತರಿಸುವಂತಿಲ್ಲ. ಅವರೂ ಉರ್ಮಿಳಾ ಯೂಲೀ ಚೌಧುರಿಯವರೇ ಮೊದಲಾದ ಸಹೋದ್ಯೋಗಿಗಳೂ ಸೇರಿ ಸಾಗವಾನಿಯ ಚೌಕಟ್ಟಿಗೆ ಬೆತ್ತವನ್ನು ಹೆಣೆದ ಕುರ್ಚಿಗಳನ್ನು ರಚಿಸಿದರು; ಊರ ಬಡಿಗರು ಮಾಡಿದರು. ಎರಡು ಕಾಲುಗಳು ಮೇಲೆ ಕೂಡಿಕೊಂಡು ಕೆಳಗೆ ಅಗಲವಾಗುವ ಅವುಗಳ ಆಕಾರವು ಈಗ ಜಗತ್ತಿಗೆಲ್ಲ ಗುರುತಾಗಿದೆ. ಐತರೇಯದ ಆಸಂದಿಯನ್ನು ನೆನೆಯಿರಿ: ಮರದ ಚೌಕಟ್ಟು, ನಡುವೆ ಹೆಣಿಗೆ. ಸೆಕೆಯ ದೇಶಕ್ಕೆ ಬೆನ್ನಿನ ಬೆವರನ್ನು ಆರಿಸುವ ಆಸನವು ಬೇಕೆಂಬುದನ್ನು ಹಳಬರೂ ಕಂಡಿದ್ದರು, ಪರದೇಶದಿಂದ ಬಂದವನೂ ಕಂಡುಕೊಂಡನು.

ಮುಂದೆ ಆದದ್ದು ವಿಷಾದದ ಕಥೆ. ಬೆತ್ತವು ಹರಿಯಿತು, ಕಾಲು ಅಲುಗಿತು. ಹಿಂದ್ದಾದರೆ ಅಂಧರ ಶಾಲೆಗಳಲ್ಲಿ ಬೆತ್ತದ ಹೆಣಿಗೆಯನ್ನು ವೃತ್ತಿಯಾಗಿ ಕಲಿಸುತ್ತಿದ್ದರು. ಸರ್ಕಾರದ ಕುರ್ಚಿಗಳು ಅಂಥವರ ಕೈಗೆ ಹೋಗಿ ಹೊಸದಾಗಿ ಬರುತ್ತಿದ್ದುವು. ಈ ಕುರ್ಚಿಗಳನ್ನಾದರೋ ಮಾಳಿಗೆಯ ಮೇಲೆ ರಾಶಿ ಹಾಕಿ, ಕಸದ ಬೆಲೆಗೆ ಹರಾಜು ಮಾಡಿದರು. ಪರದೇಶದ ವ್ಯಾಪಾರಿಗಳು ಅವನ್ನು ಕೊಂಡೊಯ್ದು, ಒರಸಿ, ಹೆಣೆಯಿಸಿ, ಪ್ಯಾರಿಸ್ಸು ಲಂಡನ್ನುಗಳ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗಳಿಗೆ ಮಾರತೊಡಗಿದ ಮೇಲೆ ಇಲ್ಲಿಯವರ ಕಣ್ಣು ತೆರೆಯಿತು. 2011ರಲ್ಲಿ ಕೇಂದ್ರದ ಗೃಹಖಾತೆಯು ಅವುಗಳ ಮಾರಾಟವನ್ನು ತಡೆಯಲು ಆಜ್ಞೆ ಹೊರಡಿಸಿತು. ಅವುಗಳ ಸ್ಥಾನಕ್ಕೆ ಬಂದವಾದರೂ ಏನು? ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಗಳು, ಪ್ಲಾಸ್ಟಿಕ್ಕಿನ ಚಕ್ರದ ಕುರ್ಚಿಗಳು. ಅಂಥ ಹಲಗೆಯು ನೀರು ತಾಗಿದರೆ ಉಬ್ಬುವುದು. ತಿರುಪುಮೊಳೆಯನ್ನು ಒಮ್ಮೆ ಕಿತ್ತರೆ ಮತ್ತೆ ಹಿಡಿಯದು. ಅದರ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಆವಿಯು ಅರ್ಬುದ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನ ಮಂಡಲಿಯು 2004ರಲ್ಲಿ ನಿರ್ಣಯಿಸಿದೆ. ಸಾಗವಾನಿಯು ಬಲಿಯಲು ಐವತ್ತು ಅರುವತ್ತು ವರ್ಷಗಳು ಬೇಕು. ಅದರಿಂದಾದ ಕುರ್ಚಿಯು ಅಷ್ಟು ವರ್ಷ ಬಾಳಿದರೆ ಅಡವಿಗೆ ಸಾಲವು ತೀರಿದಂತೆ. ಐದಾರು ವರ್ಷಗಳಲ್ಲಿ ಮುರಿದು ಕಸವಾಗುವ ಕುರ್ಚಿಯು ಸೋವಿಯಾದದ್ದೆಂದು ಲೆಕ್ಕ ಬಲ್ಲವರು ಹೇಳಲಾರರು.

ಇಷ್ಟನ್ನೂ ಬರೆದು ಶಿಷ್ಯರಿಗೆ ಕಳುಹಿಸಿದೆನು. ಅವರು ಓದಿ ಹಿಂದಿರುಗಿ ಬಂದರು. ಸಂಗಡ ಬಡಿಗರನ್ನೂ ಕರೆತಂದರು. ಮೂವರೂ ಕುಳಿತು ಯೋಚಿಸಿದ್ದನ್ನು, ಬೇರೆ ಯಾರಿಗಾದರೂ ಉಪಯೋಗವಾದೀತೆಂದು, ಸಂಕ್ಷೇಪವಾಗಿ ತಿಳಿಸುತ್ತೇನೆ.

ಮರಕ್ಕಾಗಿ ಅಡವಿಗೆ ಹೋಗಬೇಕಾಗಲಿಲ್ಲ. ನಮ್ಮ ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ವರ್ಷವರ್ಷವೂ ಬೀಳುತ್ತಿವೆ. ಅವುಗಳ ತೊಲೆ ಕಂಬಗಳು ಸಾಗವಾನಿಯವು, ಜಂತಿಗಳು ಬೇವು ಜಾಲಿಗಳವು. ಎಷ್ಟೋ ಕಡೆ ಅವು ಒಲೆಗೆ ಹೋಗುತ್ತಿವೆ. ಶಿಷ್ಯರ ಅಜ್ಜನವರ ಮನೆಯ ಎರಡು ತೊಲೆಗಳನ್ನು ಸೀಳಿಸಿದಾಗ, ಹೊರಗೆ ಹೊಗೆಯಿಂದ ಕಪ್ಪಾಗಿದ್ದರೂ ಒಳಗೆ ಜೇನುತುಪ್ಪದ ಬಣ್ಣದ ಹಲಗೆಗಳು ಬಂದುವು. ತಲೆಮಾರುಗಳ ಕಾಲ ಒಣಗಿದ ಮರ. ಇನ್ನು ಸೊಟ್ಟಗಾಗುವ ಭಯವಿಲ್ಲ. ಕಪಾಟಿಗೆ ಬೇವಿನ ಹಲಗೆ. ಬೇವಿಗೆ ವರಾಹಮಿಹಿರನ ಆಧಾರವು ಬೇಕಾಗಿಲ್ಲ. ಹುಳು ಮುಟ್ಟುವುದಿಲ್ಲವೆಂಬುದನ್ನು ಧಾನ್ಯದಲ್ಲಿ ಬೇವಿನೆಲೆಯನ್ನಿಡುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಜೋಡಣೆಯೆಲ್ಲವೂ ಒಂದು ತುಂಡಿನ ನಾಲಗೆಯನ್ನು ಮತ್ತೊಂದರ ಗೂಡಿಗೆ ಸೇರಿಸಿ ಮರದ ಬೆಣೆ ಹೊಡೆದದ್ದು. ಸಡಿಲವಾದರೆ ಬೆಣೆಯನ್ನು ತೆಗೆದು ಬಿಗಿಮಾಡಬಹುದು. ಕುರ್ಚಿಗಳಿಗೆ ಬೆತ್ತದ ಹೆಣಿಗೆ. ಕೈಗಳಿರಲೇಬೇಕೆಂದು ನಾನು ಹಟ ಹಿಡಿದೆನು. ಮೊಣಕಾಲು ನೋಯುವವರು ಕೈಯೂರಿ ಏಳಬೇಕಷ್ಟೆ.

ಮೇಜಿನ ವಿಷಯದಲ್ಲಿ ಬಡಿಗರು ಒಂದು ಉಪಾಯವನ್ನು ಹೇಳಿದರು. ಅದನ್ನು ಕೋಣೆಯ ನಡುವೆ ಅಡ್ಡಲಾಗಿ ನಿಲ್ಲಿಸದೆ ಒಂದು ತುದಿಯನ್ನು ಗೋಡೆಗೆ ಹಚ್ಚಿದರೆ, ವಕೀಲರು ಒಂದು ಮಗ್ಗುಲಲ್ಲಿಯೂ ಬಂದವರು ಪಕ್ಕದ ಮೂಲೆಯಲ್ಲಿಯೂ ಕುಳಿತು ಒಂದೇ ಕಾಗದವನ್ನು ಇಬ್ಬರೂ ನೋಡಬಹುದು. ಓದಲು ಬಾರದವರಿಗೆ ಕಾಗದದ ಮೇಲೆ ಬೆರಳಿಟ್ಟು ತೋರಿಸಬಹುದು. ಬೃಹಸ್ಪತಿಯ ದಿಕ್ಕುಗಳ ನಿಯಮವು ಇದರಿಂದ ಕೆಟ್ಟಿತೆಂಬುದನ್ನು ಬಲ್ಲೆ, ಕೆಡಲಿ.

ಇನ್ನು ಕಾಯುವವರ ಆಸನ. ಇದಕ್ಕೆ ಶಹಾಬಾದದ ಫರಸಿಯೇ ಆಗಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಭೀಮಾ ಕಣಿವೆಯ ಈ ಸುಣ್ಣಗಲ್ಲು ಪುಸ್ತಕದ ಹಾಳೆಗಳಂತೆ ಪದರುಪದರಾಗಿ ನೆಲದೊಳಗೆ ಮಲಗಿದೆ. ಉಳಿಯಿಟ್ಟು ಎಬ್ಬಿಸಿದರೆ ಸಮನಾದ ಹಾಸುಗಲ್ಲು ತಾನಾಗಿ ಏಳುತ್ತದೆ. ಸುಡಬೇಕಾಗಿಲ್ಲ, ಎರಕ ಹೊಯ್ಯಬೇಕಾಗಿಲ್ಲ. ರೈಲು ಬಂದ ಮೇಲೆ ಮುಂಬಯಿ ಹೈದರಾಬಾದುಗಳ ಅಂಗಳಗಳಿಗೆ ಹೋದ ಕಲ್ಲು, ನಮ್ಮಲ್ಲಿ ಮನೆಯ ನೆಲ, ಮಾಳಿಗೆ, ಗೋಡೆ, ಬಚ್ಚಲು, ಹೊಲದ ಬೇಲಿ ಎಲ್ಲವೂ ಆಗಿದೆ. ನಾನು ಬಾಲಕನಾಗಿದ್ದಾಗ ನಮ್ಮೂರ ಚಾವಡಿಯ ಮುಂದೆ ಬೇವಿನ ಮರದ ಬುಡದಲ್ಲಿ ಇದೇ ಕಲ್ಲಿನ ಕಟ್ಟೆಯಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿಯೂ ತಣ್ಣಗಿರುತ್ತಿತ್ತು. ಕಚೇರಿಯ ಹೊರಗೋಡೆಯ ಉದ್ದಕ್ಕೂ, ತಲೆಬಾಗಿಲಿನಿಂದ ಒಳಬಾಗಿಲಿನವರೆಗೆ, ಅಂಥ ಒಂದು ಕಟ್ಟೆ. ಹಿಂದೆ ಚಾಲುಕ್ಯರ ಕಕ್ಷಾಸನದಂತೆ ಓರೆಯಾಗಿ ನಿಲ್ಲಿಸಿದ ಒರಗುಗಲ್ಲು. ಮುಂದಿನ ಅಂಚನ್ನು ಉಜ್ಜಿ ದುಂಡಾಗಿಸಬೇಕು, ಇಲ್ಲದಿದ್ದರೆ ತೊಡೆಗೆ ಒತ್ತುವುದು. ಕೊನೆಯಲ್ಲಿ ನೀರಿನ ಮಡಕೆಗೆ ಒಂದು ಗೂಡು. ಗೋಡೆಯೊಡನೆ ಕಟ್ಟಿದ ಕಟ್ಟೆಯಾದುದರಿಂದ ಅದರ ಮೇಲೆ ಕಡತದ ಗಂಟುಗಳನ್ನು ಏರಿಸುವ ಆಸೆ ಯಾರಿಗಾದರೂ ಬಂದರೆಂಬ ನನ್ನ ಆತಂಕವನ್ನು ಹೇಳಿದೆನು. ಶಿಷ್ಯರು ನಕ್ಕು, ತಮ್ಮ ಕಡತಗಳೆಲ್ಲ ಈಗ ಯಂತ್ರದೊಳಗಿವೆಯೆಂದರು.

ಕಟ್ಟೆಯ ಎತ್ತರವು ಎಷ್ಟಿರಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ವರಾಹಮಿಹಿರನು ಮಹಾರಾಜನ ಮಂಚಕ್ಕೆ ನೂರು ಅಂಗುಲವೆಂದೂ ಉಳಿದವರಿಗೆ ಪದವಿಗೆ ತಕ್ಕಂತೆ ಕಡಮೆಯೆಂದೂ ವಿಧಿಸಿದ್ದಾನೆ. ಅದು ಇಲ್ಲಿ ಉಪಯೋಗಕ್ಕೆ ಬಾರದು. ಕುರ್ಚಿಯ ಅಳತೆಯಾದ 18 ಅಂಗುಲವೇ ಇರಲೆಂದು ಶಿಷ್ಯರೂ, ನಮ್ಮ ಹೆಂಗಸರಿಗೆ ಅದು ಎತ್ತರವಾಗಿ ಕಾಲು ತೂಗಾಡುವುದೆಂದು ಬಡಿಗರೂ ವಾದಿಸಿದರು. ಆಗ ಶಿಷ್ಯರು ತಮ್ಮ ತಾಯಿಯವರನ್ನು ಕರೆತಂದರು. ಇಟ್ಟಿಗೆಗಳ ಮೇಲೆ ಫರಸಿಯೊಂದನ್ನಿಟ್ಟು, ಅವರನ್ನು ಕೂಡಿಸಿ, ಒಂದೊಂದು ಇಟ್ಟಿಗೆಯನ್ನು ತೆಗೆಯುತ್ತ ಬಂದೆವು. 15 ಅಂಗುಲಕ್ಕೆ ಅವರ ಪಾದಗಳೆರಡೂ ನೆಲಕ್ಕೆ ಊರಿದುವು. ನಾನು ಎದುರಿಗೆ ನಿಂತಿದ್ದೆನು. “ಮಾಸ್ತರರೇ, ನೀವೂ ಕೂಡ್ರಿ, ಜಾಗಾ ಅದ” ಎಂದರು. ಕುಳಿತೆನು. ಛಳಿಗಾಲದಲ್ಲಿ ಕಲ್ಲು ಕೊರೆಯುವುದೆಂದೂ, ಹಳೆಯ ಸೀರೆಗಳಿಂದ ತಾವೇ ಒಂದು ಕೌದಿಯನ್ನು ಹೊಲಿದುಕೊಡುವೆನೆಂದೂ ಅವರು ಹೇಳಿದರು. ಬಡಿಗರು ಕೋಲಿನ ಮೇಲೆ 15 ಅಂಗುಲಕ್ಕೆ ಉಳಿಯಿಂದ ಗುರುತು ಹಾಕಿಕೊಂಡರು.